ಗೆರೆಯೊಳಗೆ ಒಂದು ಗೇಣು

ಟೆನಿಸ್ ಆಡುವವರಿಗೆ ಒದಗುವ ಸುಖಗಳಲ್ಲಿ ನನಗೆ ದೊಡ್ಡದು ಏಸ್ ಅಲ್ಲ, ನೆಟ್ಟಿಗೆ ನುಗ್ಗಿ ಬಾರಿಸುವ ಸ್ಮ್ಯಾಶೂ ಅಲ್ಲ. ಬೇಸ್‌ಲೈನಿನ ಬಳಿ ನಿಂತು, ಅವಸರವಿಲ್ಲದೆ ಹೊಡೆದ ಒಂದು ಫೋರ್‌ಹ್ಯಾಂಡ್ ನೆಟ್ಟಿನ ಮೇಲೆ ಸಾವಕಾಶವಾಗಿ ಹಾದು, ಎದುರಿನ ಬೇಸ್‌ಲೈನಿಗೆ ಒಂದು ಗೇಣು ಒಳಗೆ ಬೀಳುವುದಿದೆಯಲ್ಲ, ಅದು. ಅಂಥ ಚೆಂಡಿಗೆ ಭಾರಿ ವೇಗವೇನೂ ಬೇಕಿಲ್ಲ. ಎದುರಾಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಮೈಭಾರವೆಲ್ಲ ಹಿಮ್ಮಡಿಗೆ ಹೋಗುತ್ತದೆ, ರಾಕೆಟ್ ತಡವಾಗಿ ಬರುತ್ತದೆ, ಅವನ ಉತ್ತರ ಅರ್ಧ ಕೋರ್ಟಿನಲ್ಲಿ ಬಂದು ಕೂರುತ್ತದೆ. ಅಲ್ಲಿಂದ ಮುಂದೆ ಆ ಪಾಯಿಂಟು ನಮ್ಮದು. ಅದೇ ಫೋರ್‌ಹ್ಯಾಂಡ್ ಹತ್ತಡಿ ಮುಂಚೆ ಬಿದ್ದಿದ್ದರೆ ಅವನು ಎರಡು ಹೆಜ್ಜೆ ಮುಂದೆ ಬಂದಿರುತ್ತಿದ್ದ, ನಾವು ಓಡುತ್ತಿರುತ್ತಿದ್ದೆವು.

ಮೈಸೂರಿನ ಕ್ಲಬ್ಬು ಕೋರ್ಟುಗಳಲ್ಲಿ ಬೆಳಗಿನ ಹೊತ್ತು ಅತಿ ಹೆಚ್ಚು ಕಿವಿಗೆ ಬೀಳುವ ಅಳಲು ಇದೇ: ‘ಯಾಕೋ ಲೆಂತ್ ಬರ್ತಿಲ್ಲ.’ ಸುತ್ತಲಿದ್ದವರು ಪ್ರೀತಿಯಿಂದ ಹೇಳುವ ಪರಿಹಾರಗಳೂ ಗೊತ್ತಿದ್ದವೇ. ಮಂಡಿ ಬಗ್ಗಿಸಿ, ಭುಜ ತಿರುಗಿಸಿ, ಫಾಲೋ ತ್ರೂ ಪೂರ್ತಿ ಮಾಡಿ. ಇವೆಲ್ಲ ನಿಜ, ಇವಿಲ್ಲದೆ ಟೆನಿಸ್ ಇಲ್ಲ. ಆದರೆ ಹೀಗೆ ಹೇಳುವವರು ಯಾರೂ ಅಳಲು ತೋಡಿಕೊಂಡವನ ಕೈಯಿಂದ ರಾಕೆಟ್ ತೆಗೆದುಕೊಂಡು, ತೂಗಿ ನೋಡಿ, ಸ್ಟ್ರಿಂಗಿನ ಮೇಲೆ ಬೆರಳಿಟ್ಟು ಒತ್ತಿ ನೋಡುವುದಿಲ್ಲ. ನಾನು ನೋಡುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಮೊದಲು ಕೋರ್ಟಿನ ಅಳತೆಯನ್ನೇ ಕೊಂಚ ಸವಿಯೋಣ. ಒಂದು ಬೇಸ್‌ಲೈನಿನಿಂದ ಇನ್ನೊಂದಕ್ಕೆ 78 ಅಡಿ, ಅಂದರೆ 23.77 ಮೀಟರ್. ನೆಟ್ಟು ನಡುವಿನಲ್ಲಿ 3 ಅಡಿ ಎತ್ತರ. ಸರ್ವೀಸ್ ಲೈನಿಗೂ ಬೇಸ್‌ಲೈನಿಗೂ ನಡುವೆ 18 ಅಡಿ ಜಾಗ. ಒಳ್ಳೆಯ ಹೊಡೆತವೆಲ್ಲ ಬೀಳಬೇಕಾದದ್ದು ಈ 18 ಅಡಿಯ ಹಿಂದಿನ ಅರ್ಧದಲ್ಲಿ. ಈಗ ಕಾಗದದ ಮೇಲೆ ಒಂದು ಲೆಕ್ಕ. ಗಾಳಿಯ ತಡೆಯನ್ನೂ ಚೆಂಡಿನ ಸುತ್ತನ್ನೂ ಸದ್ಯಕ್ಕೆ ಬಿಟ್ಟುಬಿಡೋಣ. ಬೇಸ್‌ಲೈನಿನ ಮೇಲೆ ನಿಂತು, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಚೆಂಡು ರಾಕೆಟ್ ಬಿಟ್ಟಿತು ಎನ್ನಿ. 6 ಡಿಗ್ರಿ ಮೇಲ್ಮುಖವಾಗಿ ಹೊರಟರೆ ಅದು ನೆಟ್ಟನ್ನು ಸುಮಾರು ಒಂದು ಗೇಣು ಮೇಲಿನಿಂದ ದಾಟಿ, ಸರ್ವೀಸ್ ಲೈನಿನ ಆಚೆ ಒಂದೂವರೆ ಮೀಟರಿನಷ್ಟರಲ್ಲೇ ಬಿದ್ದುಬಿಡುತ್ತದೆ. 7 ಡಿಗ್ರಿಗೆ ಹೊರಟರೆ ಇನ್ನೂ ಒಂದೂವರೆ ಮೀಟರ್ ಮುಂದೆ. 8 ಡಿಗ್ರಿಗೆ ಬೇಸ್‌ಲೈನಿನಿಂದ ಮುಕ್ಕಾಲು ಮೀಟರ್ ಒಳಗೆ, ಆಹಾ ಎನ್ನುವ ಕಡೆ. 9 ಡಿಗ್ರಿಗೆ ಔಟ್! ನಾವು ವರ್ಷಗಟ್ಟಲೆ ಬೆವರು ಸುರಿಸಿ ಹುಡುಕುವ ಆಳವೆಲ್ಲ ಈ ಮೂರು ಡಿಗ್ರಿಗಳ ಒಳಗೆ ಕೂತಿದೆ. ವೇಗದ ಲೆಕ್ಕ ಇಷ್ಟು ಕಟುವಲ್ಲ. ಅದೇ ಚೆಂಡಿನ ವೇಗ ನೂರಕ್ಕೆ ಎರಡರಷ್ಟು ಹೆಚ್ಚಿದರೆ ಅದು ಬೀಳುವುದು ಅರ್ಧ ಮೀಟರಿಗಿಂತ ತುಸು ಹೆಚ್ಚು ಮುಂದೆ, ಅಷ್ಟೇ. ಆದರೂ ಅರ್ಧ ಮೀಟರ್ ಎಂದರೆ ಎದುರಾಳಿಗೆ ಒಂದು ಹೆಜ್ಜೆ.

ಆ ಎರಡು ಪ್ರತಿಶತ ಎಲ್ಲಿಂದ ಬರುತ್ತದೆ, ಆ ಒಂದು ಡಿಗ್ರಿ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ ತೂಕದ ಬಳಿಗೂ ಸ್ಟ್ರಿಂಗಿನ ಬಳಿಗೂ ಹೋಗಲೇಬೇಕಾಗುತ್ತದೆ.

ಚೆಂಡು ರಾಕೆಟ್ಟನ್ನು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕೋ ಐದೋ ಭಾಗ. ಅಷ್ಟರಲ್ಲಿ ನಮ್ಮ ಕೈಗೆ ಸುದ್ದಿ ಮುಟ್ಟಿ, ಕೈ ಬಿಗಿಮಾಡಿ, ಇನ್ನಷ್ಟು ತಳ್ಳುವುದಂತೂ ಆಗದ ಮಾತು. ಆ ಗಳಿಗೆಯಲ್ಲಿ ಚೆಂಡಿನ ಎದುರು ಇರುವುದು ರಾಕೆಟ್ ಮಾತ್ರ: ಅದರ ತೂಕ, ಅದರ ವೇಗ, ಅದರ ಮುಖ ಎತ್ತ ತಿರುಗಿದೆ ಎಂಬುದು. ಆಸ್ಟ್ರೇಲಿಯಾದ ರಾಡ್ ಕ್ರಾಸ್, ಅಮೆರಿಕದ ಹೊವರ್ಡ್ ಬ್ರೋಡಿ ಎಂಬ ಇಬ್ಬರು ಭೌತವಿಜ್ಞಾನಿಗಳು ಈ ನಾಲ್ಕೈದು ಮಿಲಿಸೆಕೆಂಡುಗಳ ಹಿಂದೆ ಬಿದ್ದು ದಶಕಗಳ ಕಾಲ ದುಡಿದರು. ಅವರ ಬರಹಗಳನ್ನು ಓದಿದ ಮೇಲೆ ನನಗೆ ಟೆನಿಸ್ ಇನ್ನಷ್ಟು ಪ್ರಿಯವಾಯಿತು. ರಾಕೆಟ್ಟಿನ ನಡುಭಾಗಕ್ಕೆ ತಗಲುವ ಹೊಡೆತಕ್ಕೆ ಅವರು ಕೊಡುವ ಸೂತ್ರ ಸರಳವಾಗಿದೆ. ಬರುವ ಚೆಂಡಿನ ವೇಗದ ಸುಮಾರು 0.4 ಪಾಲು ನಮಗೆ ಉಚಿತವಾಗಿ ಸಿಗುತ್ತದೆ, ಅದಕ್ಕೆ ರಾಕೆಟ್ಟಿನ ವೇಗದ 1.4 ಪಾಲು ಸೇರಿಸಿಕೊಳ್ಳಬೇಕು. ಪುಟಿದು ಗಂಟೆಗೆ 54 ಕಿಲೋಮೀಟರಿನಲ್ಲಿ ಬರುವ ಚೆಂಡಿಗೆ 50 ಕಿಲೋಮೀಟರ್ ವೇಗದ ರಾಕೆಟ್ ತಾಗಿಸಿದರೆ 90ಕ್ಕೂ ತುಸು ಮೇಲೆ ವಾಪಸು ಹೋಗುತ್ತದೆ. ನಮ್ಮ ಕಾಗದದ ಲೆಕ್ಕದ ಚೆಂಡೇ ಇದು. ಈ 0.4 ಎನ್ನುವುದು ಸ್ಥಿರವಾದ ಅಂಕಿಯಲ್ಲ. ಚೆಂಡು ತಾಗುವ ಜಾಗದಲ್ಲಿ ರಾಕೆಟ್ಟಿಗೆ ಹೆಚ್ಚು ಭಾರವಿದ್ದಷ್ಟೂ ಅದು ಏರುತ್ತದೆ. 0.40 ಇದ್ದದ್ದು 0.42 ಆಯಿತೆನ್ನಿ, ಕೈಯ ವೇಗ ಅಷ್ಟೇ ಇದ್ದರೂ ಚೆಂಡಿನ ವೇಗ ನೂರಕ್ಕೆ ಎರಡರಷ್ಟು ಹೆಚ್ಚುತ್ತದೆ. ನಮ್ಮ ಅರ್ಧ ಮೀಟರ್ ಸಿಕ್ಕಿತಲ್ಲ!

ನಂಬಿಕೆ ಬರದವರು ಮನೆಯಲ್ಲೇ ನೋಡಬಹುದು. ಒಂದು ಕೈಯಲ್ಲಿ ಹಿಡಿ ಹಿಡಿದು ರಾಕೆಟ್ಟನ್ನು ನೆಲಕ್ಕೆ ಸಮನಾಗಿ ಚಾಚಿ, ಇನ್ನೊಂದು ಕೈಯಿಂದ ಚೆಂಡನ್ನು ಅದರ ತುದಿಯ ಹತ್ತಿರ ಬಿಡಿ. ಚೆಂಡು ಪುಟಿಯುವುದೇ ಇಲ್ಲ ಎನ್ನಬಹುದು, ಸತ್ತು ಬೀಳುತ್ತದೆ. ಅದೇ ಚೆಂಡನ್ನು ನಡುವಿಗಿಂತ ಕೆಳಗೆ, ಕುತ್ತಿಗೆಯ ಕಡೆಗೆ ಬಿಡಿ. ಚೆನ್ನಾಗಿ ಮೇಲೆದ್ದು ಬರುತ್ತದೆ. ರಾಕೆಟ್ ಒಂದೇ, ಸ್ಟ್ರಿಂಗ್ ಒಂದೇ. ತುದಿಯಲ್ಲಿ ಚೆಂಡಿಗೆ ಎದುರಾಗಿ ನಿಲ್ಲುವ ಭಾರ ಕಡಿಮೆ, ಕುತ್ತಿಗೆಯ ಕಡೆ ಹೆಚ್ಚು. ತುದಿಗೆ ತಾಗಿದ ಹೊಡೆತಗಳು ಸರ್ವೀಸ್ ಲೈನಿನಲ್ಲೇ ಬಿದ್ದು ನಮ್ಮ ಮಾನ ಕಳೆಯುವುದು ಇದಕ್ಕೇ.

ರಾಕೆಟ್ ಮಾರುವ ಅಂಗಡಿಯಲ್ಲಿ ಹೇಳುವ ತೂಕಕ್ಕೂ ಚೆಂಡು ಅನುಭವಿಸುವ ತೂಕಕ್ಕೂ ಇರುವ ವ್ಯತ್ಯಾಸ ತಿಳಿಯಲು ಸ್ವಿಂಗ್‌ವೇಟ್ ಎಂಬ ಅಳತೆಯೊಂದಿದೆ. ಹಿಡಿಯ ಬುಡದಿಂದ 10 ಸೆಂಟಿಮೀಟರ್ ಮೇಲಿನ ಬಿಂದುವನ್ನು ಅಚ್ಚಾಗಿ ಇಟ್ಟುಕೊಂಡು ಬೀಸಿದರೆ ರಾಕೆಟ್ ಎಷ್ಟು ಭಾರವೆನಿಸುತ್ತದೆ ಎಂಬುದರ ಲೆಕ್ಕ ಅದು. ಇಲ್ಲಿ ದೂರದ ವರ್ಗ ಬರುತ್ತದೆ, ಮಜಾ ಇರುವುದು ಅಲ್ಲಿಯೇ. 27 ಇಂಚಿನ ರಾಕೆಟ್ಟಿನ ತುತ್ತತುದಿಗೆ 3 ಗ್ರಾಂ ಸೀಸದ ಪಟ್ಟಿ ಅಂಟಿಸಿದರೆ ಸ್ವಿಂಗ್‌ವೇಟ್ ಸುಮಾರು 10 ಅಂಶ ಏರುತ್ತದೆ. ಅದೇ 3 ಗ್ರಾಮನ್ನು ಹಿಡಿಯ ಬಳಿ ಸುತ್ತಿದರೆ ಏರಿಕೆ ಸೊನ್ನೆ ಎನ್ನಬಹುದು. ಹಾಗಾಗಿ 300 ಗ್ರಾಮಿನ ಎರಡು ರಾಕೆಟ್ಟುಗಳು ತಕ್ಕಡಿಯಲ್ಲಿ ಸಮನಾಗಿದ್ದು ಕೋರ್ಟಿನಲ್ಲಿ ಬೇರೆ ಬೇರೆ ಆಗಿಬಿಡುತ್ತವೆ. ಸ್ಟ್ರಿಂಗ್ ಹಾಕಿಸಿದರೇ ಸ್ವಿಂಗ್‌ವೇಟ್ ಸುಮಾರು 30 ಅಂಶ ಮೇಲೇರುತ್ತದೆ. ಅಂಗಡಿಯಲ್ಲಿ ಸ್ಟ್ರಿಂಗ್ ಇಲ್ಲದ ರಾಕೆಟ್ಟನ್ನು ಗಾಳಿಯಲ್ಲಿ ಬೀಸಿ, ‘ಹಗುರವಾಗಿದೆ, ಇದೇ ಇರಲಿ’ ಎಂದು ಕೊಳ್ಳುವವರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಭಾರದ ರಾಕೆಟ್ ಎಂದರೆ ಕೈ ನೋಯುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ನನ್ನ ಅನುಭವ ಬೇರೆ. ಭತ್ತ ಕುಟ್ಟುತ್ತಿದ್ದ ಹೆಂಗಸರು ಹಗುರವಾದ ಒನಕೆ ಆರಿಸಿಕೊಳ್ಳುತ್ತಿರಲಿಲ್ಲ. ಎತ್ತುವುದಷ್ಟೇ ಅವರ ಕೆಲಸ, ಕುಟ್ಟುವುದು ಒನಕೆಯದು. ತಕ್ಕ ಭಾರದ ರಾಕೆಟ್ಟೂ ಇಷ್ಟನ್ನೇ ಕೇಳುತ್ತದೆ. ಬೇಗ ಹಿಂದಕ್ಕೆ ಒಯ್ದು, ಹಿಡಿತ ಸಡಿಲವಾಗಿಟ್ಟು, ಅದರ ಪಾಡಿಗೆ ಅದು ಬರಲು ಬಿಟ್ಟರೆ ಚೆಂಡು ತಾನಾಗಿ ಹಿಂದಿನ ಗೆರೆಯತ್ತ ಹೋಗುತ್ತದೆ. ಹಗುರ ರಾಕೆಟ್ಟಿನಲ್ಲಿ ಇದೇ ಆಳಕ್ಕಾಗಿ ಕೈ ಝಾಡಿಸಬೇಕು. ಝಾಡಿಸಿದ ಕೈಯಲ್ಲಿ ರಾಕೆಟ್ಟಿನ ಮುಖ ನಿಲ್ಲುವುದಿಲ್ಲ. ಮುಖ ಒಂದು ಡಿಗ್ರಿ ಕದಲಿದರೆ ಏನಾಗುತ್ತದೆಂದು ಮೇಲೆ ನೋಡಿದ್ದೇವೆ.

ಮರದ ರಾಕೆಟ್ಟುಗಳ ಕಾಲದಲ್ಲಿ 370, 400 ಗ್ರಾಂ ಎಂದರೆ ಸಾಮಾನ್ಯ. 1960ರಲ್ಲೂ 1961ರಲ್ಲೂ ವಿಂಬಲ್ಡನ್ ಸೆಮಿಫೈನಲ್ ತಲುಪಿದ ರಾಮನಾಥನ್ ಕೃಷ್ಣನ್ ಅಂಥದ್ದನ್ನೇ ಹಿಡಿದು, ಬಲಪ್ರಯೋಗಕ್ಕೆ ಹೆಸರಾಗದೆ, ಮೃದು ಸ್ಪರ್ಶಕ್ಕೆ ಹೆಸರಾದರು. ಆಮೇಲೆ ಲೋಹ ಬಂತು, ಗ್ರಾಫೈಟ್ ಬಂತು, ರಾಕೆಟ್ ಹಗುರವಾಗುತ್ತ ಹೋಯಿತು. ಆದರೆ ದೊಡ್ಡ ಆಟಗಾರರು ಆ ಹಗುರತನವನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ಜಿಮ್ಮಿ ಕಾನರ್ಸ್ ತನ್ನ ಉಕ್ಕಿನ ಟಿ-2000ಕ್ಕೆ ಸೀಸದ ಪಟ್ಟಿ ಅಂಟಿಸಿಕೊಂಡಿದ್ದ. ಪೀಟ್ ಸಾಂಪ್ರಾಸ್ 85 ಚದರ ಇಂಚಿನ ಪುಟ್ಟ ಮುಖದ ಪ್ರೊ ಸ್ಟಾಫ್ ರಾಕೆಟ್ಟಿಗೆ ಸೀಸ ಸೇರಿಸಿ ಸೇರಿಸಿ ಮರದ ಕಾಲದ ಭಾರಕ್ಕೇ ತಂದಿದ್ದ. ರಫೇಲ್ ನಡಾಲ್ ಕೂಡ ವಯಸ್ಸಾದಂತೆ ರಾಕೆಟ್ಟಿನ ತುದಿಗೆ ಭಾರ ಸೇರಿಸಿಕೊಂಡ. ಭಾರಕ್ಕೂ ಮಿತಿಯುಂಟು, ಅದನ್ನು ಹೇಳದೆ ಹೋದರೆ ಅನ್ಯಾಯ. ಸ್ವಿಂಗ್‌ವೇಟ್ ಏರಿದಷ್ಟೂ ಬೀಸುವ ವೇಗ ಇಳಿಯುತ್ತದೆ, ವಾಲಿಗೆ ರಾಕೆಟ್ ತಡವಾಗುತ್ತದೆ, ಮೂರನೇ ಸೆಟ್ಟಿನಲ್ಲಿ ಭುಜ ಸೋಲುತ್ತದೆ. ಸೋತ ಭುಜದ ಚೆಂಡೂ ಶಾರ್ಟೇ.

ಕಾನರ್ಸನ ಆ ಟಿ-2000 ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅದರ ಮೂಲ ಕಲ್ಪನೆ ಫ್ರಾನ್ಸಿನ ಹಳೆಯ ಚಾಂಪಿಯನ್ ರೆನೆ ಲಾಕೋಸ್ತನದು. ಸ್ಟ್ರಿಂಗು ಚೌಕಟ್ಟಿನ ತೂತುಗಳಲ್ಲಿ ಹಾದುಹೋಗದೆ, ಸುತ್ತ ಸುತ್ತಿದ ಲೋಹದ ತಂತಿಯ ಉಂಗುರಗಳಿಗೆ ಕಟ್ಟಿಕೊಂಡಿತ್ತು. ಚೆಂಡು ಸಿಡಿದು ಹೋಗುತ್ತಿತ್ತು. ಬೇರೆಯವರ ಕೈಯಲ್ಲಿ ಅದು ಹದ್ದುಬಸ್ತಿಗೆ ಬರುವುದು ಕಷ್ಟವಾಗಿತ್ತು. ಕಾನರ್ಸ್ ಮಾತ್ರ ಟಾಪ್‌ಸ್ಪಿನ್ನಿನ ಹಂಗಿಲ್ಲದೆ, ನೆಟ್ಟನ್ನು ಸವರುವ ಹಾಗೆ, ಚಪ್ಪಟೆಯಾಗಿ ಹೊಡೆದು ಬೇಸ್‌ಲೈನಿನ ಬುಡಕ್ಕೆ ಕಳಿಸುತ್ತಿದ್ದ. ನೆಟ್ಟಿನ ಮೇಲೆ ಗೇಣಗಲ ಅಂತರದಲ್ಲಿ ಅಷ್ಟು ಆಳ ಬೇಕೆಂದರೆ ವೇಗವೇ ಬೇಕು, ಬೇರೆ ದಾರಿಯಿಲ್ಲ. ಹಾಗೆ ಆಡಿ ಗೆದ್ದವನನ್ನು ನೋಡುವುದೇ ಒಂದು ಹಬ್ಬ.

ಇನ್ನು ಸ್ಟ್ರಿಂಗು. ನಮ್ಮ ಕಡೆ ಈಗಲೂ ‘ಗಟ್ ಹಾಕಿಸೋದು’ ಎನ್ನುವುದೇ ವಾಡಿಕೆ, ಹಾಕಿಸುವುದು ನೈಲಾನೇ ಆಗಿದ್ದರೂ. ನಾನು ಗಟ್ ಹಾಕಿಸುವ ಅಂಗಡಿಯವರು ಹಳೆಯ ಯಂತ್ರ ಇಟ್ಟುಕೊಂಡಿದ್ದಾರೆ. ಸರಳಿನ ಮೇಲೆ ತೂಕದ ಗುಂಡು ಸರಿಸಿ, ಅದು ತಾನೇ ಇಳಿದು ನೆಲಕ್ಕೆ ಸಮನಾಗಿ ನಿಂತಾಗ ಎಳೆತ ಸರಿಯಾಯಿತೆಂದು ಕ್ಲಾಂಪ್ ಹಾಕುತ್ತಾರೆ. ಹದಿನಾರು ಉದ್ದದೆಳೆ, ಹತ್ತೊಂಬತ್ತು ಅಡ್ಡದೆಳೆ. ಒಂದು ಮೇಲೆ ಒಂದು ಕೆಳಗೆ ನೇಯುತ್ತ ಹೋಗುವ ಅವರ ಬೆರಳುಗಳನ್ನು ನೋಡುತ್ತ ಸ್ಟೂಲಿನ ಮೇಲೆ ಕೂರುವುದು ನನಗೆ ಬಲು ಇಷ್ಟ. ಕೊನೆಯ ಗಂಟು ಹಾಕಿ, ಅಂಗೈಯಿಂದ ಬಡಿದು, ಆ ಠಣ್ ಎಂಬ ಸದ್ದು ಕೇಳಿ ತಲೆಯಾಡಿಸುತ್ತಾರೆ.

ಹೊಸಬರಿಗೆಲ್ಲ ಒಂದು ತಪ್ಪು ತಿಳಿವಳಿಕೆ: ಬಿಗಿಯಾಗಿ ಎಳೆಸಿದರೆ ಚೆಂಡು ಜೋರಾಗಿ ಹೋಗುತ್ತದೆ ಎಂಬುದು. ನಡೆಯುವುದು ತದ್ವಿರುದ್ಧ. ಟೆನಿಸ್ ಚೆಂಡನ್ನು 100 ಇಂಚು ಮೇಲಿನಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 53ರಿಂದ 58 ಇಂಚು ಪುಟಿಯಬೇಕೆಂದು ನಿಯಮವಿದೆ. ಅಂದರೆ ಗಟ್ಟಿಯಾದದ್ದಕ್ಕೆ ಬಡಿದು ಅಪ್ಪಚ್ಚಿಯಾದಾಗ ಚೆಂಡು ತನ್ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಸ್ಟ್ರಿಂಗು ಹಾಗಲ್ಲ, ಬಾಗಿದಾಗ ಒಳಗಿಟ್ಟುಕೊಂಡದ್ದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಗಿಲು ಹಿಂದಿರುಗಿಸುತ್ತದೆ. ಎಳೆತ ಸಡಿಲವಾಗಿದ್ದರೆ ಸ್ಟ್ರಿಂಗ್ ಹೆಚ್ಚು ಬಾಗುತ್ತದೆ, ಚೆಂಡು ಕಡಿಮೆ ಅಪ್ಪಚ್ಚಿಯಾಗುತ್ತದೆ, ನಷ್ಟ ಕಡಿಮೆ. ಆದರೂ 60 ಪೌಂಡಿನಿಂದ 50 ಪೌಂಡಿಗೆ ಇಳಿಸಿದರೆ ವೇಗದಲ್ಲಿ ಆಗುವ ಲಾಭ ಬಹಳ ಸಣ್ಣದು. ಕೋರ್ಟಿನಲ್ಲಿ ಕಾಣುವ ವ್ಯತ್ಯಾಸ ಮಾತ್ರ ಅದಕ್ಕಿಂತ ದೊಡ್ಡದು. ಮೇಲ್ಮುಖವಾಗಿ ಬೀಸುತ್ತಿರುವ ರಾಕೆಟ್ಟಿನ ಮೇಲೆ ಚೆಂಡು ಇನ್ನೊಂದು ಕ್ಷಣಾಂಶ ಹೆಚ್ಚು ಕೂತು, ಇನ್ನೊಂದಿಷ್ಟು ಮೇಲಿನ ಕೋನದಲ್ಲಿ ಹೊರಡುತ್ತದೆ. ಆಳಕ್ಕೆ ವೇಗಕ್ಕಿಂತ ಕೋನ ದೊಡ್ಡದೆಂಬುದನ್ನು ಕಾಗದದ ಲೆಕ್ಕವೇ ತೋರಿಸಿತ್ತಲ್ಲ. ಎಳೆಗಳು ವಿರಳವಾಗಿರುವ 16×19 ಜಾಲರಿಯಿಂದ ಚೆಂಡು ಒತ್ತಾದ 18×20ಕ್ಕಿಂತ ಮೇಲೆದ್ದು ಹೋಗುವುದೂ ಹೀಗೆಯೇ.

ಹಾಗಾದರೆ ಬ್ಯೋರ್ನ್ ಬೋರ್ಗ್? 1976ರಿಂದ 1980ರವರೆಗೆ ಐದು ವಿಂಬಲ್ಡನ್ ಸಾಲಾಗಿ, ಆರು ಫ್ರೆಂಚ್ ಓಪನ್. ಅವನ ಮರದ ಡೊನೆ ರಾಕೆಟ್ಟಿನ ಎಳೆತ 80 ಪೌಂಡಿನ ಆಸುಪಾಸು, ಹೋಟೆಲಿನ ಕೋಣೆಯಲ್ಲಿ ನಡುರಾತ್ರಿ ಗಟ್ ತಾನಾಗಿ ಪಟ್ಟೆಂದು ಹರಿಯುತ್ತಿದ್ದ ಕಥೆ ಟೆನಿಸ್ ಲೋಕಕ್ಕೆಲ್ಲ ಗೊತ್ತು. ಬೋರ್ಗ್ ಆಳವನ್ನು ಸ್ಟ್ರಿಂಗಿನಿಂದ ಬೇಡಲಿಲ್ಲ. ಭಾರದ ರಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ನೆಟ್ಟಿನ ಮೇಲೆ ಬಹಳ ಎತ್ತರದಲ್ಲಿ ಚೆಂಡು ಕಳಿಸಿ, ಟಾಪ್‌ಸ್ಪಿನ್ನಿನಿಂದ ಒಳಗೆ ಇಳಿಸುತ್ತಿದ್ದ. ಚೆಂಡು ಅತಿಯಾಗಿ ಹಾರದ ಹಾಗೆ ತಡೆಯುವುದಷ್ಟೇ ಆ ಬಿಗಿ ಗಟ್ಟಿನ ಕೆಲಸವಾಗಿತ್ತು. ಇದರ ಇನ್ನೊಂದು ತುದಿಯಲ್ಲಿ ಇಂದಿನ ಫ್ರೆಂಚ್ ಆಟಗಾರ ಆಡ್ರಿಯನ್ ಮನಾರಿನೋ ಇದ್ದಾನೆ, 25 ಪೌಂಡಿನ ಆಸುಪಾಸಿನಲ್ಲಿ ಎಳೆಸಿಕೊಂಡು, ಗಿಡ್ಡ ಬೀಸಿನಿಂದ, ಕಾನರ್ಸನಷ್ಟೇ ಚಪ್ಪಟೆಯಾಗಿ ಆಡುತ್ತಾನೆ. ಇಬ್ಬರೂ ಬೇಸ್‌ಲೈನಿನ ಬುಡವನ್ನೇ ಕಂಡುಕೊಂಡವರು. ಬೀಸು ದೊಡ್ಡದಾದವರಿಗೆ ಬಿಗಿ, ಬೀಸು ಚಿಕ್ಕದಾದವರಿಗೆ ಸಡಿಲ. ನಮ್ಮ ಕ್ಲಬ್ಬುಗಳಲ್ಲಿ ನಲವತ್ತು ದಾಟಿದವರ ಬೀಸು ಚಿಕ್ಕದು.

ಸ್ಟ್ರಿಂಗ್ ಎಷ್ಟರಮಟ್ಟಿಗೆ ಆಟವನ್ನೇ ಬದಲಿಸಬಲ್ಲದು ಎಂಬುದನ್ನು 1977ರಲ್ಲಿ ಜಗತ್ತು ಕಂಡಿತು. ಜರ್ಮನಿಯ ವರ್ನರ್ ಫಿಷರ್ ಎಂಬಾತ ಎಳೆಗಳನ್ನು ನೇಯದೆ, ಉದ್ದದೆಳೆಗಳು ಅಡ್ಡದೆಳೆಗಳ ಮೇಲೆ ಜಾರುವ ಹಾಗೆ ಒಂದು ಜಾಲರಿ ಮಾಡಿದ್ದ. ಸ್ಪಗೆಟ್ಟಿ ಸ್ಟ್ರಿಂಗ್ ಎಂದು ಹೆಸರು ಬಿತ್ತು. ಅದನ್ನು ಹಿಡಿದ ಮೈಕ್ ಫಿಷ್‌ಬಾಕ್ ಎಂಬ ಅನಾಮಿಕ ಆಟಗಾರ ಯುಎಸ್ ಓಪನ್‌ನಲ್ಲಿ ಸ್ಟ್ಯಾನ್ ಸ್ಮಿತ್‌ನನ್ನೇ ಸೋಲಿಸಿದ. ಅದೇ ವರ್ಷ ಅಕ್ಟೋಬರಿನಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸಿನಲ್ಲಿ, ಮಣ್ಣಿನ ಕೋರ್ಟಿನ ಮೇಲೆ 53 ಪಂದ್ಯ ಸೋಲೇ ಕಾಣದೆ ಬಂದಿದ್ದ ಗಿಲೆರ್ಮೊ ವಿಲಾಸ್, ಈ ರಾಕೆಟ್ ಹಿಡಿದ ಇಲಿ ನಸ್ತಾಸೆಯ ಎದುರು ಎರಡು ಸೆಟ್ ಸೋತು ಕೋರ್ಟಿನಿಂದ ಹೊರನಡೆದ. ನೆಟ್ಟಿನ ಮೇಲೆ ಎತ್ತರದಲ್ಲಿ ಹೋದ ಚೆಂಡು ಇನ್ನೇನು ಔಟ್ ಎನ್ನುವಷ್ಟರಲ್ಲಿ ಕುಸಿದು ಒಳಗೆ ಬೀಳುತ್ತಿತ್ತು, ಬಿದ್ದದ್ದು ಎತ್ತಲೋ ಪುಟಿಯುತ್ತಿತ್ತು. ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ ಅದನ್ನು ನಿಷೇಧಿಸಿ, ಮರುವರ್ಷ ಸ್ಟ್ರಿಂಗ್ ಹೇಗಿರಬೇಕೆಂದು ನಿಯಮವನ್ನೇ ಬರೆಯಿತು.

ಆ ಜಾರುವ ಗುಣವೇ ಇಪ್ಪತ್ತು ವರ್ಷಗಳ ಮೇಲೆ ನಿಯಮದೊಳಗೇ ಹಿಂತಿರುಗಿತು. 1997ರ ಫ್ರೆಂಚ್ ಓಪನ್‌ನಲ್ಲಿ 66ನೇ ಶ್ರೇಯಾಂಕದ, ಇಪ್ಪತ್ತು ವರ್ಷದ ಬ್ರೆಜಿಲ್ ಹುಡುಗ ಗುಸ್ತಾವೊ ಕುಯರ್ಟೆನ್, ಮುಸ್ಟರ್, ಕಫೆಲ್ನಿಕೋವ್, ಫೈನಲ್ಲಿನಲ್ಲಿ ಬ್ರುಗೆರ ಹೀಗೆ ಅಲ್ಲಿ ಹಿಂದೆ ಗೆದ್ದಿದ್ದ ಮೂವರನ್ನೂ ಸೋಲಿಸಿ ಕಪ್ ಎತ್ತಿದ. ಅವನ ರಾಕೆಟ್ಟಿನಲ್ಲಿದ್ದದ್ದು ಬೆಲ್ಜಿಯಂನ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಸ್ಟ್ರಿಂಗ್. ಪಾಲಿ ಗಡುಸು, ಗಟ್ಟಿನಷ್ಟು ಶಕ್ತಿ ವಾಪಸು ಕೊಡದು. ಆದರೆ ಅದರ ಉದ್ದದೆಳೆಗಳು ಚೆಂಡಿನೊಡನೆ ಪಕ್ಕಕ್ಕೆ ಜಾರಿ, ಚೆಂಡು ಬಿಡುವ ಮುಂಚೆಯೇ ಛಕ್ಕನೆ ಸ್ವಸ್ಥಾನಕ್ಕೆ ಮರಳಿ, ಅದಕ್ಕೆ ಇನ್ನಷ್ಟು ಟಾಪ್‌ಸ್ಪಿನ್ ಹಾಕಿ ಕಳಿಸುತ್ತವೆ. ಔಟ್ ಆಗುವ ಅಂಜಿಕೆಯಿಲ್ಲದೆ ಪೂರ್ತಿ ಬೀಸಬಹುದು. ಶಕ್ತಿ ಕಡಿಮೆಯಿರುವ ಸ್ಟ್ರಿಂಗ್ ಹೊಡೆತಕ್ಕೆ ಹೆಚ್ಚು ಆಳ ತಂದ ಈ ಸಂಗತಿಯನ್ನು ನಾನು ಎಷ್ಟು ಸಲ ನೆನೆದರೂ ದಣಿಯುವುದಿಲ್ಲ.

ಇಲ್ಲೇ ನನಗೆ ಬೇಸರದ ವಿಷಯವೂ ಇದೆ. ನಡಾಲ್ 55 ಪೌಂಡಿನಲ್ಲಿ ಪಾಲಿ ಎಳೆಸುತ್ತಿದ್ದ ಎಂದು ಕೇಳಿ ನಮ್ಮ ಐವತ್ತರ ಗೆಳೆಯರೂ ಅದನ್ನೇ ಹಾಕಿಸುತ್ತಾರೆ. ನಡಾಲನ ಬೀಸಿಲ್ಲದೆ ಆ ಎಳೆ ಜಾರುವುದೇ ಇಲ್ಲ. ಉಳಿಯುವುದು ಗಡುಸು ಮಾತ್ರ. ಅದೂ ಕೆಲವು ಗಂಟೆಗಳ ಆಟದಲ್ಲಿ ಜೀವ ಕಳೆದುಕೊಳ್ಳುತ್ತದೆ, ಹರಿಯುವುದಿಲ್ಲವಾದ್ದರಿಂದ ಆರು ತಿಂಗಳು ರಾಕೆಟ್ಟಿನಲ್ಲೇ ಇರುತ್ತದೆ. ಚೆಂಡು ಸರ್ವೀಸ್ ಲೈನಿನಲ್ಲಿ, ನೋವು ಮೊಣಕೈಯಲ್ಲಿ. ನಾರುನಾರಾದ ಮಲ್ಟಿಫಿಲಮೆಂಟೋ ಸಾಧಾರಣ ಸಿಂಥೆಟಿಕ್ ಗಟ್ಟೋ 50 ಪೌಂಡಿನಲ್ಲಿ ಹಾಕಿಸಿದರೆ ಇವರ ಆಟ ಅರಳುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕೈ ಅದನ್ನೂ ಮೀರಿ ಸುಖ ಬೇಡಿದರೆ ಅಸಲಿ ಗಟ್ಟೇ ಇದೆ. ದನದ ಕರುಳಿನ ಆ ಎಳೆಯನ್ನು ಮೀರಿಸುವ ಸ್ಟ್ರಿಂಗನ್ನು ಇನ್ನೂ ಯಾರೂ ಮಾಡಿಲ್ಲ. ಫೆಡರರ್ ಕೂಡ ಉದ್ದಕ್ಕೆ ಗಟ್, ಅಡ್ಡಕ್ಕೆ ಪಾಲಿ ಹಾಕಿಸಿಕೊಳ್ಳುತ್ತಿದ್ದ. ಮಳೆಗಾಲದ ಮಲೆನಾಡಿನಲ್ಲಿ ಮಾತ್ರ ಅಸಲಿ ಗಟ್ ಬೇಡ, ತೇವ ಅದರ ಶತ್ರು.

ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ವಾಯುಭಾರ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಮಂಗಳೂರಿನಿಂದಲೋ ಚೆನ್ನೈಯಿಂದಲೋ ಬಂದವರು ಕಬ್ಬನ್ ಪಾರ್ಕಿನ ಕೋರ್ಟುಗಳಲ್ಲಿ ಮೊದಲ ದಿನ ಹೊಡೆದದ್ದೆಲ್ಲ ಲಾಂಗ್ ಹೋಗುವುದು ಅದಕ್ಕೆ. ಎರಡು ಮೂರು ಪೌಂಡ್ ಬಿಗಿ ಮಾಡಿಸಿದರೆ ಸರಿಹೋಗುತ್ತದೆ. ಜುಲೈ ತಿಂಗಳ ಮಣ್ಣಿನ ಕೋರ್ಟಿನಲ್ಲಿ ಚೆಂಡು ನೀರು ಕುಡಿದು ಭಾರವಾದಾಗ ಇದಕ್ಕೆ ವಿರುದ್ಧವಾಗಿ, ಸಡಿಲ ಮಾಡಿಸಬೇಕು. ಡಬಲ್ಸ್ ಆಡುವವರು ಬೇಕಾದರೆ ಆಳದ ಚಿಂತೆಯನ್ನು ತುಸು ಕಡಿಮೆ ಮಾಡಿಕೊಳ್ಳಬಹುದು. ನೆಟ್ಟಿಗೆ ಬಂದವನ ಕಾಲಬುಡವೇ ಅಲ್ಲಿ ಬೇಸ್‌ಲೈನಿಗಿಂತ ಒಳ್ಳೆಯ ಗುರಿ. ನಲವತ್ಮೂರನೇ ವಯಸ್ಸಿನಲ್ಲಿ ಡಬಲ್ಸ್‌ನ ಅಗ್ರ ಶ್ರೇಯಾಂಕಕ್ಕೇರಿದ ಕೊಡಗಿನ ರೋಹನ್ ಬೋಪಣ್ಣ ಆಡಿದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನಿಮ್ಮ ಚೆಂಡು ಸರ್ವೀಸ್ ಲೈನಿನಲ್ಲೇ ಬೀಳುತ್ತಿದ್ದರೆ ಕೈಯನ್ನು ದೂರುವ ಮೊದಲು, ಹೊಸ ರಾಕೆಟ್ಟಿಗೆ ಹಣ ಸುರಿಯುವ ಮೊದಲು, ಗಟ್ ಹಾಕುವವರ ಬಳಿ ಹೋಗಿ. ಹಳೆಯ ಸ್ಟ್ರಿಂಗ್ ಕತ್ತರಿಸಿ ಹಾಕಿಸಿ, ಈಗಿನದಕ್ಕಿಂತ ಐದು ಪೌಂಡ್ ಕಡಿಮೆ ಎಳೆಸಿ. ಎರಡು ವಾರ ಆಡಿ ನೋಡಿ. ಸಾಲದೆನಿಸಿದರೆ ತುದಿಗೆ 3 ಗ್ರಾಂ ಸೀಸದ ಪಟ್ಟಿ ಅಂಟಿಸಿ. ಎರಡನ್ನೂ ಒಂದೇ ದಿನ ಮಾಡಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹಿಡಿಸದೆ ಹೋದರೆ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತುಬಿಡಿ. ರಾಕೆಟ್ಟಿಗೆ ಏನೂ ಆಗುವುದಿಲ್ಲ.